ಬಣ್ಣಾ ಏನ ಓಡತೈತೇನು?

ಜೂನ್ ತಿಂಗಳ ಮೊದಲ ವಾರ. ಶಾಲೆಗಳು ಆಗಷ್ಟೇ ಆರಂಭವಾಗಿದ್ದವು. ಮುರಗೋಡದ ಪೇಟೆಯಲ್ಲಿ ಒಂದು ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದೆ. ನನ್ನ ಸೈಕಲ್ಲಿನ ಹಿಂದಿನ ಗಾಲಿಗೆ ಜಾಲಿಮುಳ್ಳು ನಟ್ಟಿತ್ತು. ಅಂಗಡಿಯವ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. ಅಷ್ಟರಲ್ಲಿ ಪಕ್ಕದ ಹಳ್ಳಿಯ ಒಬ್ಬ ರೈತ ತನ್ನ ಮಗಳನ್ನು ಕರೆದುಕೊಂಡು ಬಂದ. ಹುಡುಗಿ ಎಂಟನೆಯ ಇಯತ್ತೆಗೆ ಬಂದಿರಬೇಕು. ಅಂಗಡಿಯ ಮುಂದೆ ಮೂರು ಹೊಸ ಸೈಕಲ್ ನಿಂತಿದ್ದವು: ಒಂದು ಕರಿದು, ಒಂದು ನೀಲಿ, ಒಂದು ಕೆಂಪು. ಕೆಂಪಿನದಕ್ಕೆ ಇನ್ನೂರು ರೂಪಾಯಿ ಹೆಚ್ಚು.

ಹುಡುಗಿ ಸೀದಾ ಹೋಗಿ ಕೆಂಪು ಸೈಕಲ್ಲಿನ ಹ್ಯಾಂಡಲ್ ಹಿಡಿದಳು. ಅಪ್ಪ ಕರಿಯದರ ಬೆಲೆ ಕೇಳಿದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಅಪ್ಪ ಅಂದ: “ಬಣ್ಣಾ ಏನ ಓಡತೈತೇನವಾ? ಓಡೂದು ಗಾಲಿ.”

ಹುಡುಗಿ ಹ್ಯಾಂಡಲ್ ಬಿಡದೆ ಅಂದಳು: “ಗಾಲಿ ಓಡಸಾಕಿ ನಾನಲ್ಲೇನಪ್ಪಾ?”

ಅಂಗಡಿಯವ ನಕ್ಕ. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಆ ಎರಡು ಮಾತು ತಲೆಯಿಂದ ಹೋಗಲಿಲ್ಲ. ಇಬ್ಬರು ಹೇಳಿದ್ದೂ ಖರೆ. ಹಾಗಿದ್ದ ಮೇಲೆ ಸೈಕಲ್ಲಿನ ಬಣ್ಣಕ್ಕೆ ಎಷ್ಟು ಬೆಲೆ ಕೊಡಬೇಕು?

ನಮ್ಮ ಅಜ್ಜಂದಿರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಸೈಕಲ್ ಎಂದರೆ ಕರಿ ಸೈಕಲ್. ಅಪರೂಪಕ್ಕೊಂದು ಕಡು ಹಸಿರಿನದು. ಇದಕ್ಕೆ ಕಾರಣವೂ ಇತ್ತು. ಕರಿ ಬಣ್ಣವೆಂದರೆ ಮೂಲತಃ ಇಂಗಾಲದ ಮಸಿ. ಅಗ್ಗ, ಬಿಸಿಲಿಗೆ ಮಾಸುವುದಿಲ್ಲ. ಅನೇಕ ಕೆಂಪು, ಗುಲಾಬಿ ಬಣ್ಣಗಳು ವರ್ಷಗಟ್ಟಲೆ ಬಿಸಿಲು ತಿಂದರೆ ಸಪ್ಪೆಯಾಗುತ್ತವೆ. ಇನ್ನೊಂದು ಕಾರಣ ರಿಪೇರಿಯದು. ಕರಿ ಸೈಕಲ್ಲಿನ ಮಡ್‌ಗಾರ್ಡ್ ಮುರಿದರೆ ಯಾವ ಕಂಪನಿಯ ಮಡ್‌ಗಾರ್ಡ್ ತಂದು ಕೂಡಿಸಿದರೂ ಹೊಂದಿಕೊಳ್ಳುತ್ತದೆ. ಗೀರು ಬಿದ್ದರೆ ಒಂದು ಬೊಟ್ಟು ಕರಿ ಬಣ್ಣ ಹಚ್ಚಿದರೆ ಮುಗಿಯಿತು. ಹಾಲಿನ ಕ್ಯಾನು, ಮೇವಿನ ಸಿವುಡು, ಹೆಂಡತಿ, ಮಗು ಎಲ್ಲವನ್ನೂ ಹೊತ್ತು ಇಪ್ಪತ್ತು ಮೂವತ್ತು ವರ್ಷ ದುಡಿಯಬೇಕಾದ ಸೈಕಲ್ಲಿಗೆ ಕರಿ ಬಣ್ಣವೇ ಸರಿ. ಆ ರೈತ ಕರಿಯದರ ಬೆಲೆ ಕೇಳಿದ್ದರ ಹಿಂದೆ ಇಷ್ಟೆಲ್ಲ ಅನುಭವ ಇದೆ.

ಆದರೆ ಅದೇ ರೈತ ಕಾರಹುಣ್ಣಿಮೆಯ ದಿನ ಏನು ಮಾಡುತ್ತಾನೆ? ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಝೂಲ ಹೊದಿಸಿ ಊರ ಅಗಸಿಗೆ ಹೊಡೆದುಕೊಂಡು ಬರುತ್ತಾನೆ. ಕೊಂಬಿಗೆ ಬಣ್ಣ ಬಳಿದರೆ ಎತ್ತು ಒಂದು ಗೇಣು ಹೆಚ್ಚು ನೆಲ ಉಳುವುದಿಲ್ಲ. ಕರಿ ಹರಿಯುವಾಗ ಬಿಳಿ ಎತ್ತು ಮುಂದಾದರೆ ಬಿಳಿ ಜೋಳದಂಥ ಬೆಳೆ ಚಲೋ, ಕಂದೆತ್ತು ಮುಂದಾದರೆ ಕೆಂಪು ಧಾನ್ಯ ಚಲೋ ಎಂದು ಊರೆಲ್ಲ ಮಾತಾಡಿಕೊಳ್ಳುತ್ತದೆ. ಅಂದ ಮೇಲೆ ಬಣ್ಣ ದೊಡ್ಡವರಿಗೂ ಬೇಕು. ತಮ್ಮ ಎತ್ತಿಗೆ ಬೇಕಾದ ಬಣ್ಣ ಮಕ್ಕಳ ಸೈಕಲ್ಲಿಗೆ ಬಂದಾಗ ಮಾತ್ರ ದಂಡ ಖರ್ಚು ಅನಿಸುತ್ತದೆ.

ಕೊಂಬಿನ ಬಣ್ಣದ ಮಾತು ಬಂದಿತು. ಈಗ ನನ್ನದೇ ಒಂದು ಕತೆ ಹೇಳಬೇಕು. ಇದನ್ನು ಮನೆಯಲ್ಲೂ ಯಾರಿಗೂ ಹೇಳಿಲ್ಲ.

ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ 5 ಕಿಲೋಮೀಟರ್. ನಾನು ಒಂಬತ್ತನೆಯ ಇಯತ್ತೆಗೆ ಬಂದಾಗ ಅಪ್ಪ ಎಲ್ಲಿಂದಲೋ ಒಂದು ಹಳೆಯ ಸೈಕಲ್ ತಂದರು. ಬಣ್ಣ ಹೋಗಿ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಅಪ್ಪ ಎರಡು ದಿನ ಕುಳಿತು ಉಸುಕಿನ ಕಾಗದದಿಂದ ತಿಕ್ಕಿದರು. ಆಮೇಲೆ ಕಾರಹುಣ್ಣಿಮೆಗೆ ಕೊಂಬಿಗೆ ಬಳಿದು ಉಳಿದಿದ್ದ ಡಬ್ಬಿ ತೆಗೆದು ಇಡೀ ಸೈಕಲ್ಲಿಗೆ ಬಳಿದರು. ಗಿಳಿ ಹಸಿರು! ಮಡ್‌ಗಾರ್ಡಿಗೆ ಬಣ್ಣ ಸಾಲದೆ ಅದಕ್ಕೆ ಇನ್ನೊಂದು ಡಬ್ಬಿಯ ಹಳದಿ.

ಶಾಲೆಯ ಗೇಟಿನಲ್ಲಿ ಮೊದಲ ದಿನವೇ ಹುಡುಗರು ಕೂಗಿದರು: “ಎತ್ತ ಬಂತು, ಎತ್ತ ಬಂತು!” ಮರುದಿನ ಯಾರೋ ಹ್ಯಾಂಡಲ್ಲಿಗೆ ಒಂದು ಗೊಂಡೆಯನ್ನೇ ಕಟ್ಟಿದ್ದರು. ಮೂರನೆಯ ದಿನದಿಂದ ನಾನು ನಡೆದು ಹೋಗತೊಡಗಿದೆ. ಚೈನು ಸಡಿಲಾಗಿದೆ, ಗಾಲಿ ಡೊಂಕಾಗಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಅಪ್ಪ ಪ್ರತಿ ರಾತ್ರಿ ಕಂದೀಲು ಹಿಡಿದು ಚೈನು ನೋಡುತ್ತಿದ್ದರು, ಎಣ್ಣೆ ಬಿಡುತ್ತಿದ್ದರು, ಗಾಲಿ ತಿರುಗಿಸಿ ಕಡ್ಡಿ ಬಿಗಿ ಮಾಡುತ್ತಿದ್ದರು. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ದಿನಕ್ಕೆ 10 ಕಿಲೋಮೀಟರಿನಂತೆ ನಾನು ಒಂದು ತಿಂಗಳು ನಡೆದೆ. ಸಂಜೆ ಬಂದು ಪುಸ್ತಕ ಹಿಡಿದರೆ ನಿದ್ದೆ. ಆ ತಿಂಗಳ ಪರೀಕ್ಷೆಯಲ್ಲಿ ಗಣಿತ ಹೋಯಿತು.

ಮಳೆ ಹಿಡಿದಾಗ ನಡೆಯುವುದು ಸಾಕಾಗಿ ಮತ್ತೆ ಸೈಕಲ್ ಹತ್ತಿದೆ. ಎರೆ ಮಣ್ಣಿನ ದಾರಿಯಲ್ಲಿ ಮಳೆಗಾಲದ ಸೈಕಲ್ ಸವಾರಿ ಹೇಗಿರುತ್ತದೆಂದು ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಮಡ್‌ಗಾರ್ಡಿಗೂ ಟಾಯರಿಗೂ ನಡುವೆ ಮಣ್ಣು ಮೆತ್ತಿ ಗಾಲಿ ನಿಂತುಬಿಡುತ್ತದೆ. ಆಮೇಲೆ ಸೈಕಲ್ಲೇ ನಮ್ಮ ಹೆಗಲೇರುತ್ತದೆ. ಮಣ್ಣು ಮೆತ್ತಿದ ಮೇಲೆ ಎಲ್ಲರ ಸೈಕಲ್ಲೂ ಒಂದೇ ಬಣ್ಣ. ನನಗೆ ಅದೇ ಸಮಾಧಾನ.

ದೀಪಾವಳಿ ಹೊತ್ತಿಗೆ ಒಂದು ಸಂತೆಯ ದಿನ ಸೈಕಲ್ ಕಳೆಯಿತು. ಬೀಗ ಹಾಕಿರಲಿಲ್ಲ. ಅಳುತ್ತ ಮನೆಗೆ ಬಂದೆ. ಅಪ್ಪ ಬೈಯಲಿಲ್ಲ. ಆದರೆ ಕತ್ತಲಾಗುವ ಮೊದಲೇ ಬೈಲಹೊಂಗಲ ದಾರಿಯಲ್ಲಿ ಕಂಡಿತೆಂದು ಸುದ್ದಿ ಬಂತು. ರಾತ್ರಿಯೊಳಗೆ ಸೈಕಲ್ ಮನೆಗೆ ಬಂತು. ತಂದವರು ಅಂದರು: “ಇಂಥಾ ಸೈಕಲ್ ಇಡೀ ಸೀಮ್ಯಾಗ ಒಂದ ಐತಿ. ಕದ್ದಾಂವ ಎಲ್ಲಿ ಮುಚ್ಚಿಡತಾನ?” ಕರಿ ಸೈಕಲ್ ಆಗಿದ್ದರೆ ಅದು ನೂರು ಕರಿ ಸೈಕಲ್ಲುಗಳ ನಡುವೆ ಸೇರಿಹೋಗುತ್ತಿತ್ತು.

ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅದನ್ನೇ ಓಡಿಸಿದೆ. ಆದರೆ ಆ ಒಂದು ತಿಂಗಳು ನಾನೇಕೆ ನಡೆದೆ ಎಂದು ಅಪ್ಪನಿಗೆ ಹೇಳಲೇ ಇಲ್ಲ. ಕೇಳಿದ್ದರೆ ಒಂದು ಡಬ್ಬಿ ಕರಿ ಬಣ್ಣ ತಂದು ಬಳಿಯುತ್ತಿದ್ದರೇನೋ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಅವರಿಲ್ಲ.

ಮಿಕ್ಕಿದ ಬಣ್ಣ ಬಳಿಯುವುದು ಬಡವರ ಮನೆಯ ಸಂಗತಿ ಮಾತ್ರ ಅಂದುಕೊಳ್ಳಬೇಡಿ. ಇಟಲಿಯ ಮಿಲಾನ್ ನಗರದಲ್ಲಿ 1885ರಲ್ಲಿ ಎಡ್ವಾರ್ಡೊ ಬಿಯಾಂಕಿ ಎಂಬಾತ ಸೈಕಲ್ ಕಂಪನಿ ಆರಂಭಿಸಿದ. ಆ ಸೈಕಲ್ಲುಗಳ ತಿಳಿ ನೀಲಿ-ಹಸಿರು ಬಣ್ಣ ಇವತ್ತಿಗೂ ಜಗತ್ಪ್ರಸಿದ್ಧ. ಅದು ರಾಣಿಯ ಕಣ್ಣಿನ ಬಣ್ಣವೆಂದು ಕೆಲವರು ಕತೆ ಹೇಳುತ್ತಾರೆ. ಸೈನ್ಯಕ್ಕೆಂದು ಮಾಡಿ ಉಳಿದ ಬಣ್ಣ ಬಳಿದದ್ದೆಂದು ಇನ್ನು ಕೆಲವರು. ಎರಡನೆಯ ಕತೆ ಕೇಳಿದಾಗ ನನಗೆ ನಮ್ಮ ಗಿಳಿ ಹಸಿರು ಸೈಕಲ್ ನೆನಪಾಯಿತು. ಹೆಸರು ಬಂದ ಮೇಲೆ ಮಿಕ್ಕ ಬಣ್ಣವೂ ಮರ್ಯಾದೆಯ ಬಣ್ಣವಾಗುತ್ತದೆ. 1965ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಲವು ತರುಣರು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು ಬೀದಿಯಲ್ಲಿ ಬೀಗ ಹಾಕದೆ ಬಿಟ್ಟರು. ಬಿಳಿ ಎಂದರೆ ‘ಇದು ಎಲ್ಲರದು, ಯಾರು ಬೇಕಾದರೂ ಓಡಿಸಿ’ ಎಂದು ಅರ್ಥ. ಪೋಲೀಸರು ಅವನ್ನು ಎತ್ತಿಕೊಂಡು ಹೋದರು, ಬೀಗ ಹಾಕದ್ದು ತಪ್ಪು ಎಂದು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ಇಯತ್ತೆಯ ಹೆಣ್ಣುಮಕ್ಕಳಿಗೆ ಸರಕಾರ ಸೈಕಲ್ ಕೊಡಲು ಆರಂಭಿಸಿತು. ಆಮೇಲೆ ಗಂಡುಮಕ್ಕಳಿಗೂ ವಿಸ್ತರಿಸಿತು. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ವಿತರಣೆ ನಿಂತಿತು. ಆ ವರ್ಷಗಳಲ್ಲಿ ಯಾವ ಹೈಸ್ಕೂಲಿಗೆ ಹೋದರೂ ಒಂದೇ ಬಣ್ಣದ ಸೈಕಲ್ಲುಗಳ ಸಾಲು. ಮಕ್ಕಳು ಏನು ಮಾಡಿದರು ಗೊತ್ತೆ? ಒಬ್ಬಳು ಹ್ಯಾಂಡಲ್ಲಿಗೆ ಕೆಂಪು ರಿಬ್ಬನ್ ಕಟ್ಟಿದಳು. ಒಬ್ಬ ಗಾಲಿಯ ಕಡ್ಡಿಗಳಿಗೆ ಬಣ್ಣದ ಮಣಿ ಪೋಣಿಸಿದ. ಇನ್ನೊಬ್ಬ ಮಡ್‌ಗಾರ್ಡಿನ ಮೇಲೆ ತಂಗಿಯ ಹೆಸರು ಬರೆಸಿದ. ಒಂದು ತಿಂಗಳಲ್ಲಿ ಯಾವ ಎರಡು ಸೈಕಲ್ಲೂ ಒಂದೇ ತರ ಇರಲಿಲ್ಲ. ಬಣ್ಣ ಕೊಡುವಾಗ ಯಾರೂ ಅವರನ್ನು ಕೇಳಿರಲಿಲ್ಲ. ಅವರೇ ಉತ್ತರ ಹುಡುಕಿಕೊಂಡರು.

ದೊಡ್ಡವರು ಮಾತ್ರ ಬೇರೆ ಜಗಳದಲ್ಲಿದ್ದರು. ರಾಜಸ್ಥಾನದಲ್ಲಿ 2017ರಲ್ಲಿ ಶಾಲೆಯ ಸೈಕಲ್ಲುಗಳ ಬಣ್ಣ ಕರಿಯದರಿಂದ ಕೇಸರಿಗೆ ಬದಲಾಯಿತು; ಸರಕಾರ ಬದಲಾದ ಮೇಲೆ ಮತ್ತೆ ಕರಿಯಾಯಿತು. 2019ರಲ್ಲಿ ನಮ್ಮ ರಾಜ್ಯದಲ್ಲೂ ಸೈಕಲ್ಲುಗಳು ಕೇಸರಿಯಾದವೆಂದು ಪಕ್ಷಗಳ ನಡುವೆ ವಾಗ್ವಾದ ನಡೆಯಿತು. ಓಡಿಸುವ ಮಕ್ಕಳಿಗೆ ಯಾವ ಬಣ್ಣ ಬೇಕೆಂಬುದು ಆ ಗದ್ದಲದಲ್ಲಿ ಯಾರ ನೆನಪಿಗೂ ಬರಲಿಲ್ಲ.

ಬಿಹಾರದಲ್ಲಿ ಇನ್ನೊಂದು ದಾರಿ ಹಿಡಿದರು. 2006ರಿಂದ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಬದಲು 2,000 ರೂಪಾಯಿ ಕೊಟ್ಟರು. ಸೈಕಲ್ ಕೊಳ್ಳುವುದು, ಬಣ್ಣ ಆರಿಸುವುದು ಮನೆಯವರಿಗೆ ಬಿಟ್ಟಿದ್ದು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರು 32 ಶೇಕಡಾ ಹೆಚ್ಚಾದರು. ಈ ವಿಷಯದಲ್ಲಿ ಹುಡುಗ-ಹುಡುಗಿಯರ ಅಂತರ 40 ಶೇಕಡಾ ಕಡಿಮೆಯಾಯಿತು. ಈ ಹೆಚ್ಚಳ ಬಹುಮಟ್ಟಿಗೆ ಕಂಡದ್ದು ಶಾಲೆ 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಹೀಗೆ ನೋಡಿದರೆ ಆ ರೈತನ ಮಾತು ಗೆದ್ದಿತು: ಶಾಲೆಗೆ ಮುಟ್ಟಿಸುವುದು ಗಾಲಿ. ಆದರೆ ಗಾಲಿ ಮನೆಯ ಗೋಡೆಗೆ ಒರಗಿ ನಿಂತರೆ ಯಾರನ್ನೂ ಮುಟ್ಟಿಸುವುದಿಲ್ಲ. ಇದಕ್ಕೆ ನಾನೇ ಸಾಕ್ಷಿ. ಅಷ್ಟರಮಟ್ಟಿಗೆ ಹುಡುಗಿಯ ಮಾತೂ ಗೆದ್ದಿತು.

ಬಣ್ಣ ಜೀವ ಉಳಿಸುತ್ತದೆಯೆ? ಕೆಂಪು ಸೈಕಲ್ ದೂರದಿಂದ ಕಾಣುತ್ತದೆ ಎಂದು ಮಕ್ಕಳು ವಾದಿಸುತ್ತಾರೆ. ಹಗಲು ನಿಜ. ಮುಸ್ಸಂಜೆಯಲ್ಲಿ ಅಲ್ಲ. ಒಂದು ಸಣ್ಣ ಪ್ರಯೋಗ ಮಾಡಿ. ಸಂಜೆ ಹೊತ್ತು ಮುಳುಗಿದ ಮೇಲೆ ಹಿತ್ತಲಲ್ಲಿ ಕೆಂಪು ದಾಸವಾಳದ ಗಿಡದ ಮುಂದೆ ನಿಲ್ಲಿ. ಹಗಲಲ್ಲಿ ಉರಿಯುವಂತೆ ಕಾಣುತ್ತಿದ್ದ ಹೂವು ಎಲೆಗಳಿಗಿಂತ ಮೊದಲೇ ಕಪ್ಪಾಗುತ್ತದೆ. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣಿಗೆ ಕೆಂಪು ಬೇಗ ಮಂಕಾಗುತ್ತದೆ, ಹಸಿರು-ನೀಲಿ ಇನ್ನಷ್ಟು ಹೊತ್ತು ಕಾಣುತ್ತವೆ. ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪುರ್ಕಿನ್ಯೆ ಎಂಬ ವಿಜ್ಞಾನಿ ಗುರುತಿಸಿದ. ಮೇಲಾಗಿ ಸೈಕಲ್ಲಿನ ಕೊಳವೆ ಎಷ್ಟು ದಪ್ಪ? ಎರಡು ಬೆರಳಷ್ಟು. ಕತ್ತಲಲ್ಲಿ ಅದರ ಬಣ್ಣ ಯಾವ ಡ್ರೈವರನಿಗೂ ಕಾಣುವುದಿಲ್ಲ. ಕಾಣುವುದು ಹಿಂದಿನ ಕೆಂಪು ರಿಫ್ಲೆಕ್ಟರ್, ಪೆಡಲಿನ ಹಳದಿ ರಿಫ್ಲೆಕ್ಟರ್. ಅವು ಗಾಡಿಯ ದೀಪದ ಬೆಳಕನ್ನು ಬಂದ ದಾರಿಗೇ ತಿರುಗಿ ಕಳಿಸುತ್ತವೆ. ಡೆನ್ಮಾರ್ಕಿನಲ್ಲಿ ಸುಮಾರು 6,800 ಸೈಕಲ್ ಸವಾರರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಹೊಳೆಯುವ ಹಳದಿ ಜಾಕೀಟು ಕೊಟ್ಟು ಒಂದು ವರ್ಷ ನೋಡಿದರು. ಜಾಕೀಟಿನವರಿಗೆ ಇತರರೊಡನೆ ಡಿಕ್ಕಿಯಾಗಿ ಗಾಯವಾದದ್ದು ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಕಡಿಮೆ. ಸೈಕಲ್ಲಿನ ಬಣ್ಣಕ್ಕಿಂತ ಸವಾರನ ಅಂಗಿಯ ಬಣ್ಣ ದೊಡ್ಡದು.

ಆದುದರಿಂದ ಪಾಲಕರಲ್ಲಿ ಒಂದು ವಿನಂತಿ. ಅಂಗಡಿಗೆ ಹೋದಾಗ ಮೊದಲು ಮಗುವನ್ನು ಸೀಟಿನ ಮೇಲೆ ಕೂಡಿಸಿ. ಪಾದದ ತುದಿ ನೆಲಕ್ಕೆ ಮುಟ್ಟುತ್ತದೆಯೇ ನೋಡಿ. ‘ಮುಂದ ದೊಡ್ಡಾಂವ ಆಗತಾನ’ ಎಂದು ಎತ್ತರದ್ದು ಕೊಡಿಸಬೇಡಿ. ಎರಡೂ ಬ್ರೇಕು ಹಿಡಿದು ನೋಡಿ. ಬೆಲ್, ಬೀಗ, ರಿಫ್ಲೆಕ್ಟರ್ ಇವೆಯೇ ನೋಡಿ. ಇಷ್ಟು ನಿಮ್ಮ ಕೆಲಸ. ಇದರಲ್ಲಿ ಮಕ್ಕಳ ಹಟ ನಡೆಯಗೊಡಬೇಡಿ. ಇದೆಲ್ಲ ಮುಗಿದ ಮೇಲೆ ಬಣ್ಣ ಅವರಿಗೆ ಬಿಡಿ. ಮಕ್ಕಳಿಗೂ ಒಂದು ಮಾತು: ಮನೆಯ ಗಂಟು ನೋಡಿ ಹಟ ಮಾಡಿ. ಬೇಡವಾದ ಬಣ್ಣ ಬಂದರೆ ನನ್ನ ಹಾಗೆ ಚೈನಿನ ಮೇಲೆ ಸುಳ್ಳು ಹೇಳಬೇಡಿ, ಬಾಯಿಬಿಟ್ಟು ಹೇಳಿ. ಬಣ್ಣದ ಡಬ್ಬಿಗೆ ಬಹಳ ದುಡ್ಡಿಲ್ಲ.

ಅಂದು ಅಂಗಡಿಯಲ್ಲಿ ಏನಾಯಿತೆಂದು ಕೇಳುತ್ತೀರಿ. ನನ್ನ ಟ್ಯೂಬಿಗೆ ಪ್ಯಾಚು ಬಿತ್ತು, ನಾನು ಎದ್ದೆ. ಅಪ್ಪ ಇನ್ನೂ ಚೌಕಾಸಿ ಮಾಡುತ್ತಿದ್ದ. ಆದರೆ ಈಗ ಅವನು ಕೇಳುತ್ತಿದ್ದದ್ದು ಕರಿಯದರ ಬೆಲೆಯಲ್ಲ. ಕೆಂಪು ಸೈಕಲ್ಲಿಗೆ ಕ್ಯಾರಿಯರ್ ಪುಕ್ಕಟೆ ಹಾಕಿಕೊಡುತ್ತೀಯಾ ಎಂದು.