ಅವ್ವನ ಮೊರೆ ಯಾರಿಗೆ ಕೇಳಿಸಿತು?

"ಕಷ್ಟ ಬಂದಾಗ ಕೂಗು, ದೇವರು ಕೇಳ್ತಾನೆ" ಅಂತಾರೆ. ಯಾರು ಅಂತಾರೆ? ಗರ್ಭಗುಡಿ ಹತ್ತಿರ ನಿಂತು ಕೂಗಿದವರು ಅಂತಾರೆ. ನಮ್ಮವ್ವ ದೂರದ ಬೇವಿನ ಮರದಡಿ ನಿಂತು ಕೂಗಿದವಳು. ದೇವರನ್ನು ಎಬ್ಬಿಸೋಕೆ ನಮ್ಮ ತಮಟೆ ಬೇಕು. ಎದ್ದ ದೇವರ ಹತ್ತಿರ ನಮ್ಮ ಕಷ್ಟ ಹೇಳಿಕೊಳ್ಳೋಕೆ ಹೋದರೆ ಮೈಲಿಗೆ!

ನನ್ನ ತಂಗಿಗೆ ಜ್ವರ ಬಂದು ಮೂರು ದಿನ ಇಳೀಲಿಲ್ಲ. ಅವ್ವ ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ಹರಕೆ ಹೊತ್ತಳು. ಪೂಜಾರಿ ಅದನ್ನು ಕೈಯಿಂದ ಕೈಗೆ ಇಸ್ಕೊಳ್ಳಲಿಲ್ಲ. ಕಲ್ಲಿನ ಮೇಲೆ ಇಡಿಸಿ, ನೀರು ಚಿಮುಕಿಸಿ ಎತ್ತಿಕೊಂಡ. ಕಾಸಿನ ಮೈಲಿಗೆ ಕಳೆಯಿತು, ಅವ್ವನದು ಕಳೆಯಲಿಲ್ಲ. ನಾಲ್ಕನೇ ದಿನ ಕೇರಿ ಹುಡುಗರು ತಂಗಿಯನ್ನು ಹೊತ್ಕೊಂಡು ಆಸ್ಪತ್ರೆಗೆ ಓಡಿದರು. ಗ್ಲೂಕೋಸ್ ಏರಿಸಿದರು, ಬದುಕಿದಳು. ಅವ್ವ ಇವತ್ತಿಗೂ "ತಾಯಿ ಕಣ್ಣು ಬಿಟ್ಟಳು ಕಣೋ" ಅಂತಾಳೆ.

ಬಿ.ಎ. ಓದಿದ ಸೊಕ್ಕಿನಿಂದ ನಾನು ಅವಳ ಕಣ್ಣೀರನ್ನು ಮೂಢನಂಬಿಕೆ ಅನ್ನಲಾರೆ. ಮನುಷ್ಯರು ಯಾರೂ ಕೇಳದೇ ಹೋದಾಗ ಕಲ್ಲಿಗಾದರೂ ಹೇಳಿಕೊಂಡಳು. ನನ್ನ ಜಗಳ ಅವಳನ್ನು ಮರದಡಿ ನಿಲ್ಲಿಸಿ "ತಾಳಿಕೋ, ದೇವರಿದ್ದಾನೆ" ಅಂದವರ ಜೊತೆ.

ಬಾಬಾಸಾಹೇಬರು ಈ ದೇವರನ್ನೂ ಪರೀಕ್ಷೆ ಮಾಡಿ ನೋಡಿದರು. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ಸಾವಿರಾರು ಜನ ಸತ್ಯಾಗ್ರಹಕ್ಕೆ ನಿಂತರು. ವರ್ಷಗಟ್ಟಲೆ ಹೋರಾಡಿದರು. ಕಲ್ಲೇಟು ಬಿತ್ತು, ಬಾಗಿಲು ತೆರೆಯಲಿಲ್ಲ. ಒಳಗಿದ್ದ ರಾಮನಿಗೆ ಅಷ್ಟು ಜನರ ಕೂಗು ಕೇಳಿಸಲಿಲ್ಲವೇ? 1935ರಲ್ಲಿ ಯೇವಲಾದಲ್ಲಿ ಬಾಬಾಸಾಹೇಬರು ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬುದ್ಧನ ಕಡೆ ನಡೆದರು.

"ಅವೆಲ್ಲ ಹಳೇ ಕಾಲದ ಮಾತು" ಅನ್ನೋ ಅಣ್ಣಂದಿರೇ, 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. ಆ ಬೆಂಕಿಯೊಳಗಿನ ಕೂಗಿಗಿಂತ ದೊಡ್ಡ ಪ್ರಾರ್ಥನೆ ಯಾವುದಿದೆ ಹೇಳಿ? 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಹುಟ್ಟುಹಬ್ಬದ ದಿನ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿಬಿಟ್ಟಿತು. ಗುಡಿ ಶುದ್ಧಿಗೆ ಅಪ್ಪನ ಹತ್ತಿರ ದಂಡ ಕೇಳಿದರು. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ಹುಡುಗ ದೇವರ ಕೋಲು ಮುಟ್ಟಿದ್ದಕ್ಕೆ 60,000 ರೂಪಾಯಿ ದಂಡ ಹಾಕಿದರು. ಆ ಮನೆಯವರು ದೇವರ ಪಟಗಳನ್ನು ಇಳಿಸಿ ಅಂಬೇಡ್ಕರ್ ಪಟ ಏರಿಸಿದರು. ಆ ಸುದ್ದಿ ಹಬ್ಬಿದ ಮೇಲೆ ಅಧಿಕಾರಿಗಳು ಬಂದರು, ಪೊಲೀಸರು ಬಂದರು, ಕೇಸು ದಾಖಲಾಯಿತು. ಕೋಲಿನ ದೇವರು ಮಾತ್ರ ಬರಲಿಲ್ಲ.

ಅವ್ವಾ, ಅವತ್ತು ನಿನ್ನ ಕೂಗು ಕೇಳಿಸಿದ್ದು ಕೇರಿಯ ಆ ಹುಡುಗರಿಗೆ. ನಿನ್ನ ತಾಯಿ ಅವರ ಕಾಲಲ್ಲೇ ಓಡಿ ಬಂದಳು ಅನ್ನುವುದಾದರೆ ಅನ್ನು, ನಾನು ಬೇಡ ಅನ್ನಲ್ಲ. ಆದರೆ ಇನ್ನೊಂದು ಸಲ ಕಷ್ಟ ಬಂದರೆ ಮೂರು ದಿನ ಕಾಯಬೇಡ. ಬೇವಿನ ಮರದ ಕಡೆಗಲ್ಲ, ಕೇರಿಯ ಕಡೆ ತಿರುಗಿ ಕೂಗು. ಒಬ್ಬಳೇ ಕೂಗಿದರೆ ಅದು ಗೋಳು, ಎಲ್ಲ ಕೇರಿಗಳೂ ಒಟ್ಟಾಗಿ ಕೂಗಿದರೆ ಸರ್ಕಾರವೂ ಕೇಳಬೇಕು, ಊರೂ ಕೇಳಬೇಕು.

ಆ ಅರಿಶಿನದ ಬಟ್ಟೆಯ ರೂಪಾಯಿ ಬಿಚ್ಚು ಅವ್ವಾ. ಸಂಘದ ಡಬ್ಬಿಗೆ ಹಾಕು. ಇಲ್ಲಿ ಯಾರೂ ಅದಕ್ಕೆ ನೀರು ಚಿಮುಕಿಸೋದಿಲ್ಲ.