ಕೋಳಿ ಕೂಗು ಕಚೇರಿಗೆ ಮುಟ್ಟೀತೇ?

ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗಾಗುವುದು ಎಂದು ನಂಬಿದ್ದ ಮುದುಕಿಯ ಕತೆ ನಿಮಗೆಲ್ಲ ಗೊತ್ತು. ಊರವರ ಮೇಲೆ ಮುನಿಸಿಕೊಂಡ ಅವಳು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕೆಂಡದ ಅಗ್ಗಿಷ್ಟಿಕೆಯನ್ನು ಕೈಯಲ್ಲಿ ಹಿಡಿದು ಕಾಡಿಗೆ ಹೋಗಿ ಕೂರುತ್ತಾಳೆ. ಊರಿಗೆ ಎಂದಿನಂತೆ ಬೆಳಗಾಗುತ್ತದೆ. ಶಾಲೆಯಲ್ಲಿ ಮೇಷ್ಟ್ರು ಇದನ್ನು ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ಜಾನಪದದಲ್ಲಿ ಸಂಶೋಧನೆ ಮಾಡುತ್ತ ಈ ಕತೆಯ ಹಲವು ರೂಪಗಳನ್ನು ಕೇಳಿದ್ದೇನೆ. ನಾನು ಕೇಳಿದ ಎಲ್ಲದರಲ್ಲೂ ನಗೆ ಮುದುಕಿಯ ಮೇಲೆಯೇ. ಆ ಕೋಳಿಯನ್ನು ಬಿಟ್ಟರೆ ಅವಳದು ಎನ್ನುವಂಥದ್ದು ಇನ್ನೇನಾದರೂ ಇತ್ತೇ ಎಂದು ಒಂದು ಕತೆಯೂ ಕೇಳುವುದಿಲ್ಲ.

ಅದೇ ನಗೆ ಈಗ ಸಹಬಾಳ್ವೆ ಎಂಬ ಹೆಸರಿನಲ್ಲಿ ಬಂದಿದೆ. ವಿಚಾರ ಸಂಕಿರಣಗಳಲ್ಲಿ, ಪರಿಸರದ ಪ್ರಬಂಧಗಳಲ್ಲಿ ಈ ಮಾತು ಬಹಳ ಸಲೀಸಾಗಿ ಓಡಾಡುತ್ತಿದೆ. ಹಳ್ಳಿಯ ಜನ ಕಾಡುಪ್ರಾಣಿಗಳ ಜೊತೆ ಹೇಗೆ ಹೊಂದಿಕೊಂಡು ಬದುಕಿದ್ದರು, ನರಿ ಹಿತ್ತಲಿಗೆ ಬಂದು ಒಂದು ಕೋಳಿ ಒಯ್ದರೆ ಅದನ್ನು ಹೇಗೆ "ಅದರ ಪಾಲು" ಎಂದು ಬಿಟ್ಟುಬಿಡುತ್ತಿದ್ದರು ಎಂದು ಪ್ರಬಂಧ ಮಂಡಿಸುವವರು ಕಣ್ಣು ತೇವ ಮಾಡಿಕೊಂಡು ಹೇಳುತ್ತಾರೆ. ನಾನು ಕಂಡಂತೆ ಹೀಗೆ ಹೇಳುವವರಲ್ಲಿ ಕೋಳಿ ಸಾಕಿದವರು ಯಾರೂ ಇಲ್ಲ. ನನ್ನ ಜಗಳ ನರಿಯ ಜೊತೆಗಲ್ಲ. ಈ "ಪಾಲು" ಎಂಬ ಮಾತಿನ ಜೊತೆಗೆ.

ಶಿರಾ ಕಡೆಯ ನಮ್ಮೂರಿನಲ್ಲಿ ಅವ್ವ ಸಾಕಿದ್ದ 11 ಕೋಳಿಗಳು ಒಂದೇ ರಾತ್ರಿಯಲ್ಲಿ ಹೋದವು. ಯುಗಾದಿಗೆ ಇನ್ನೂ ಎರಡು ವಾರವಿತ್ತು. ನಮ್ಮ ಕಡೆ ನಾಟಿಕೋಳಿಗೆ ಒಳ್ಳೆಯ ಬೆಲೆ ಬರುವುದೇ ಹೊಸತೊಡಕಿಗೆ, ಅವ್ವ ಅದಕ್ಕೆಂದೇ ತಿಂಗಳುಗಟ್ಟಲೆ ಒಂದನ್ನೂ ಮಾರದೆ ಉಳಿಸಿಕೊಂಡಿದ್ದಳು. ಗೂಡಿನ ಕೆಳಗಿನ ಹಲಗೆಯನ್ನು ಗೆದ್ದಲು ತಿಂದಿತ್ತು, ನರಿ ಅಲ್ಲಿಂದ ನುಗ್ಗಿತ್ತು. ನಾಲ್ಕು ಕೋಳಿಗಳ ಸುಳಿವೇ ಇಲ್ಲ, ಬೇಲಿಸಾಲಿನವರೆಗೆ ಪುಕ್ಕ ಮಾತ್ರ. ಏಳು ಅಲ್ಲೇ ಬಿದ್ದಿದ್ದವು. ಕಾವಿಗೆ ಕೂತಿದ್ದ ಹ್ಯಾಟೆ ಮೊಟ್ಟೆಗಳ ಮೇಲೆಯೇ ಸತ್ತಿತ್ತು. ಹುಂಜ ಮಾರಮ್ಮನ ಹರಕೆಯದು. ಎರಡು ಕೋಳಿಗಳಂತೂ ಅವ್ವನವೇ ಅಲ್ಲ. ಪಕ್ಕದ ಮನೆಯ ದೊಡ್ಡಮ್ಮ ಪಾಲಿಗೆ ಬಿಟ್ಟಿದ್ದವು, ಹುಟ್ಟುವ ಪಿಳ್ಳೆಗಳಲ್ಲಿ ಅರ್ಧ ಅರ್ಧ ಎಂಬ ಮಾತಿನ ಮೇಲೆ. ಬೆಳಗಾಗುವಷ್ಟರಲ್ಲಿ ಅವ್ವ ದೇವರಿಗೂ ಸಾಲಗಾರಳು, ನೆರೆಮನೆಗೂ ಸಾಲಗಾರಳು. ಕಚ್ಚಿದ್ದನ್ನು ತಿನ್ನಬಾರದೆಂದು ಏಳನ್ನೂ ತಿಪ್ಪೆಯ ಪಕ್ಕ ಹೂತೆವು.

ಅವಳು ನರಿಯನ್ನು ಕ್ಷಮಿಸಿದಳು ಎಂದು ಬರೆದರೆ ನಿಮಗೆ ಇಷ್ಟವಾಗುತ್ತದೆ. ಅವಳು ಕ್ಷಮಿಸಲಿಲ್ಲ. ಮಧ್ಯಾಹ್ನದವರೆಗೂ ಅದರ ವಂಶವನ್ನೆಲ್ಲ ಎತ್ತಿ ಬೈದಳು. ಬೆಳಿಗ್ಗೆ ಎದ್ದು ನರಿಮುಖ ನೋಡಿದರೆ ಅದೃಷ್ಟ ಎನ್ನುವ ನಾಡು ನಮ್ಮದು. ಅವತ್ತು ಅದೃಷ್ಟದ ಮಾತು ಎತ್ತಿದ್ದರೆ ಪೊರಕೆ ಏಟು ಬೀಳುತ್ತಿತ್ತು.

ಊರಿನ ಗಂಡಸರಿಗೆ ಈ ವಿಷಯದಲ್ಲಿ ಬೇರೆಯದೇ ಉತ್ಸಾಹ. ತಿನ್ನೋಕೆ ನಾಲ್ಕು ಸಾಕಿತ್ತು, ಏಳನ್ನು ಸುಮ್ಮನೆ ಕೊಂದಿದೆ, ಇದು ನರಿಯ ಕೊಬ್ಬು, ಉರುಳು ಹಾಕಲೇಬೇಕು ಎಂದರು. ಈ ಹೆಚ್ಚುವರಿ ಕೊಲೆಯ ಬಗ್ಗೆ ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ 1972ರಲ್ಲೇ ಬರೆದಿದ್ದಾರೆ. ಇಂಗ್ಲೆಂಡಿನ ಕಡಲತೀರದಲ್ಲಿ ನೆಲದ ಮೇಲೆ ಗೂಡು ಕಟ್ಟುವ ಕಡಲಹಕ್ಕಿಗಳು ಕಗ್ಗತ್ತಲ ರಾತ್ರಿಗಳಲ್ಲಿ ಏಳದೆ ಕೂತಲ್ಲೇ ಕೂತಿರುತ್ತಿದ್ದವು. ಅಂಥ ರಾತ್ರಿಗಳಲ್ಲಿ ಅಲ್ಲಿಯ ಕೆಂಪುನರಿಗಳು ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು ಕೊಂದು ಬಿಟ್ಟುಹೋಗಿದ್ದವು. ಬೇಟೆ ತಪ್ಪಿಸಿಕೊಳ್ಳಬೇಕು, ಆಗ ಬೇಟೆಗಾರ ನಿಲ್ಲುತ್ತಾನೆ. ತಪ್ಪಿಸಿಕೊಳ್ಳಲು ಜಾಗವೇ ಇಲ್ಲದಿದ್ದರೆ ಅವನನ್ನು ನಿಲ್ಲಿಸುವಂಥದ್ದು ಏನೂ ಇರುವುದಿಲ್ಲ. ಮರದ ಕೊಂಬೆಯ ಮೇಲೆ ಮಲಗುತ್ತಿದ್ದ ಕೋಳಿಯನ್ನು ತಂದು ಹಲಗೆಯ ಡಬ್ಬಿಯಲ್ಲಿ ಕೂಡಿದ್ದು ನಾವು. ಡಬ್ಬಿ ಗಟ್ಟಿಯಾಗಿದ್ದರೆ ಸರಿ, ಇಲ್ಲದಿದ್ದರೆ ಅದು ಕೋಳಿಗೆ ಬಲೆ.

ಇನ್ನು ಉರುಳಿನ ವಿಚಾರ. ನಾವು ನರಿ ಎನ್ನುವುದು ಒಂದೇ ಪ್ರಾಣಿಯನ್ನಲ್ಲ. ರಾತ್ರಿ ಊಳಿಡುವ ಗುಳ್ಳೆನರಿ ಬೇರೆ, ಬಯಲಿನಲ್ಲಿ ಬಿಲ ತೋಡಿ ಹುಳುಹುಪ್ಪಟೆ, ಇಲಿ ತಿಂದುಕೊಂಡಿರುವ ಪುಟ್ಟ ದೇಹದ, ಪೊದೆಬಾಲದ ನರಿ ಬೇರೆ. ದುರ್ಗಸಿಂಹನ ಪಂಚತಂತ್ರದಲ್ಲಿ ಸಿಂಹದ ಆಸ್ಥಾನದ ಸುತ್ತ ಸುಳಿಯುವ ಕರಟಕ ದಮನಕರು ಮೊದಲನೆಯ ಜಾತಿಯವರು. ದ್ರಾಕ್ಷಿ ಹುಳಿ ಎಂದ ನರಿ ಬಂದದ್ದು ಈಸೋಪನ ಕಡೆಯಿಂದ. ಊಟಿಯಲ್ಲಿ ಬ್ರಿಟಿಷರು ತಮ್ಮ ದೇಶದ ನರಿ ಸಿಗದೆ ಬೇಟೆನಾಯಿಗಳನ್ನು ಗುಳ್ಳೆನರಿಯ ಹಿಂದೆಯೇ ಓಡಿಸಿ ಖುಷಿಪಟ್ಟರು. ಹೀಗೆ ಎಲ್ಲವನ್ನೂ ಕಲಸಿ ನಾವು ಒಂದು "ನರಿಬುದ್ಧಿ" ಮಾಡಿಕೊಂಡಿದ್ದೇವೆ. ಉರುಳಿಗೆ ಈ ವ್ಯತ್ಯಾಸ ತಿಳಿಯದು. ಕೋಳಿಯ ತಂಟೆಗೇ ಬಾರದ್ದೂ ಅದರಲ್ಲಿ ಸಾಯುತ್ತದೆ. ಬೀದಿನಾಯಿ, ಮುಂಗುಸಿ, ಕಾಡುಬೆಕ್ಕು ಮಾಡಿದ್ದೂ ಎಷ್ಟೋ ಸಲ ನರಿಯ ಲೆಕ್ಕಕ್ಕೇ ಬರೆಯಲ್ಪಡುತ್ತದೆ. ಟೌನಿನ ಬ್ರಾಯ್ಲರ್ ಅಂಗಡಿಗಳ ಕರುಳು ಪುಕ್ಕ ಮೂಟೆಗಟ್ಟಲೆ ನಮ್ಮ ಕೆರೆ ಏರಿಯ ಪಕ್ಕ ಬಂದು ಬೀಳುತ್ತದೆ. ಕೋಳಿಯ ರುಚಿ ಹತ್ತಿಸಿದವರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಹಾಗಾದರೆ ನಾನೂ ಸಹಬಾಳ್ವೆಯ ಪರವೇ ಅಲ್ಲವೇ ಎಂದು ನೀವು ಕೇಳಬಹುದು. ಪರವೇ. ಅದರ ಖರ್ಚು ಯಾರದು ಎಂಬುದಷ್ಟೇ ನನ್ನ ತಕರಾರು.

ನರಿ ಇದ್ದರೆ ಇಲಿ ಕಡಿಮೆ ಎನ್ನುತ್ತಾರೆ, ನಿಜ. ಇಲಿ ಕಡಿಮೆಯಾದರೆ ಲಾಭ ಕಡಲೆಕಾಯಿ ಹೊಲಕ್ಕೆ, ರಾಗಿಯ ಮೆದೆಗೆ. ಹೊಲ ಯಾರ ಹೆಸರಿನಲ್ಲಿದೆ? ಅಪ್ಪನ ಹೆಸರಿನಲ್ಲಿ, ಅದಕ್ಕೂ ಮೊದಲು ತಾತನ ಹೆಸರಿನಲ್ಲಿ. ಕಡಲೆಕಾಯಿ ಮಾರಿದ ದುಡ್ಡು ಬರುವುದು ಅಪ್ಪನ ಖಾತೆಗೆ. ಕೋಳಿ, ಮೊಟ್ಟೆ ಮಾರಿದ ದುಡ್ಡು ಸೇರುವುದು ಅವ್ವನ ಸೆರಗಿನ ಗಂಟಿಗೆ. ನನ್ನ ಎಂ.ಎ. ಪರೀಕ್ಷೆಯ ಶುಲ್ಕ, ಪಿಎಚ್.ಡಿ. ಪ್ರವೇಶದ ಅರ್ಜಿಯ ದುಡ್ಡು, ಫೆಲೋಶಿಪ್ ತಡವಾದ ತಿಂಗಳುಗಳ ಮೆಸ್ ಬಿಲ್ಲು ಆ ಗಂಟಿನಿಂದಲೇ ಬಂದದ್ದು. ಅದು ಯಾರನ್ನೂ ಕೇಳಬೇಕಿಲ್ಲದ ದುಡ್ಡು. ನರಿಯಿಂದ ಲಾಭ ಹೊಲಕ್ಕೆ, ನಷ್ಟ ಹಿತ್ತಲಿಗೆ. ಸಹಬಾಳ್ವೆ ಎಂದು ನಾವು ಕೊಂಡಾಡುತ್ತಿರುವುದರಲ್ಲಿ ಈ ಲೆಕ್ಕವೂ ಸೇರಿದೆ. ನಷ್ಟವನ್ನು ನುಂಗಿಕೊಳ್ಳುವವಳು ಸದ್ದು ಮಾಡುವುದಿಲ್ಲವಾದ್ದರಿಂದ ಅದು ನಮಗೆ ಸಾಮರಸ್ಯದಂತೆ ಕಾಣುತ್ತದೆ.

ಅವ್ವ ಸದ್ದು ಮಾಡಿಯೂ ನೋಡಿದಳು. ಅರಣ್ಯ ಇಲಾಖೆಯ ಕಚೇರಿಯೊಂದಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. "ಕೋಳಿಗೆಲ್ಲ ಬರಲ್ಲ ಕಣಮ್ಮ. ಹಸ, ಕುರಿ ಆಗಿದ್ರೆ ಹೇಳಿ" ಎಂದರು. ಒರಟಾಗೇನೂ ಹೇಳಲಿಲ್ಲ, ಕುರ್ಚಿ ಕೊಟ್ಟು ಕೂರಿಸಿಯೇ ಹೇಳಿದರು. ಅವ್ವ ಕೇಳಿದ್ದು ಇಷ್ಟು: "ಹುಲಿ ಹಸ ತಿಂದ್ರೆ ದುಡ್ ಕೊಡ್ತೀರಂತೆ. ಹುಲೀನೂ ನಿಮ್ದೇ, ನರೀನೂ ನಿಮ್ದೇ ಅಲ್ವ ಸಾಮಿ?" ಅವರು ನಕ್ಕರು. ಮುದುಕಿಯ ಕೋಳಿ ಕತೆಗೆ ಬೀಳುತ್ತದಲ್ಲ, ಅದೇ ನಗೆ.

ಅವಳ ಪ್ರಶ್ನೆಯಲ್ಲಿ ನಗುವಂಥದ್ದೇನಿತ್ತು? ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ಗುಳ್ಳೆನರಿ ಮೊದಲನೇ ಅನುಸೂಚಿಯಲ್ಲಿದೆ. ಹುಲಿ, ಆನೆ ಇರುವ ಪಟ್ಟಿ ಅದು. ಅಂದರೆ ನರಿಗೆ ಉರುಳು ಹಾಕಿದರೆ ಸರ್ಕಾರಕ್ಕೆ ನರಿ ತನ್ನದೆಂದು ನೆನಪಾಗುತ್ತದೆ. ನರಿ ಕೋಳಿ ತಿಂದಾಗ ಮರೆತುಹೋಗುತ್ತದೆ. ಕೊಡುವ ಹಣಕ್ಕೂ ಇಲಾಖೆ ಇಟ್ಟಿರುವ ಹೆಸರು ದಯಾತ್ಮಕ ಧನ. ಹಕ್ಕಲ್ಲ, ದಯೆ. ಆ ದಯೆಯೂ ಪ್ರಾಣಿಯ ಗಾತ್ರ ನೋಡಿಕೊಂಡು ಬರುತ್ತದೆ.

ಎಣಿಸಲು ಬಾರದು ಎನ್ನಬೇಡಿ. 2019ರ ಜಾನುವಾರು ಗಣತಿ ಈ ದೇಶದ ಹಿತ್ತಲ ಕೋಳಿ, ಬಾತುಗಳನ್ನೆಲ್ಲ ಎಣಿಸಿ ಸುಮಾರು 31.7 ಕೋಟಿ ಎಂದು ಹೇಳಿತು, ಹಿಂದಿನ ಗಣತಿಗಿಂತ ಶೇಕಡ 45ಕ್ಕೂ ಹೆಚ್ಚಾಗಿದೆ ಎಂದು ಹೆಮ್ಮೆಪಟ್ಟಿತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಗಿರಿರಾಜದಂಥ ತಳಿಗಳನ್ನು ಹಿತ್ತಲಿಗೆಂದೇ ಬೆಳೆಸಿ ಕೊಟ್ಟಿತು. ಮಹಿಳಾ ಸಬಲೀಕರಣದ ಭಾಷಣಗಳಲ್ಲಿ ಹಿತ್ತಲ ಕೋಳಿ ಬಂದೇ ಬರುತ್ತದೆ. ಬದುಕಿರುವ ಕೋಳಿ ಇಷ್ಟೊಂದು ಜನರ ಲೆಕ್ಕಕ್ಕೆ ಸಿಗುತ್ತದೆ. ಸತ್ತ ಕೋಳಿ ಎಲ್ಲಿ ಹೋಗುತ್ತದೆ?

ನರಿ ಇರಬೇಕಾದ ಬಯಲಿನ ಕತೆಯೂ ಇಂಥದ್ದೇ. ಸರ್ಕಾರಿ ನಕ್ಷೆಗಳಲ್ಲಿ ಕುರುಚಲು ಬಯಲಿಗೆ ಪಾಳುಭೂಮಿ ಎಂದು ಹೆಸರು. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ ಸೋಲಾರ್ ಫಲಕಗಳು ಬಂದಿವೆ. ಅಷ್ಟು ನೆಲದಲ್ಲಿ ಇಲಿ, ಎಲಚಿಹಣ್ಣು ತಿಂದುಕೊಂಡಿದ್ದ ಪ್ರಾಣಿಗಳು ಎಲ್ಲಿಗೆ ಹೋಗಬೇಕೆಂದು ಯಾವ ಯೋಜನೆಯೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದನ್ನು ಬರೆಯಲು ನನಗಿಂತ ತಿಳಿದವರಿದ್ದಾರೆ, ಅವರಿಗೇ ಬಿಡುತ್ತೇನೆ.

ಈಗ ಮುಂದಿನ ಸಂಕಿರಣದಲ್ಲಿ "ಪಾಲು" ಎನ್ನುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಪರಿಹಾರದ ಅರ್ಜಿಯಲ್ಲಿ ಹಸು, ಎಮ್ಮೆ, ಕುರಿ, ಮೇಕೆ ಎಂದು ಬರೆಯುವ ಜಾಗದಲ್ಲಿ ಕೋಳಿ ಎಂದು ಇನ್ನೊಂದು ಸಾಲು ಸೇರಿಸಿ ಎಂದು ನಿಮ್ಮ ನಿರ್ಣಯದಲ್ಲಿ ಬರೆಯಿರಿ. ದುಡ್ಡು ಕೊಡಲಾಗದಿದ್ದರೆ ಕಬ್ಬಿಣದ ಜಾಲರಿ, ಚಿಲಕವಿರುವ ಬಾಗಿಲು ಕೊಡಲಿ. ಅವ್ವನಿಗೆ ಅದೇ ಹೆಚ್ಚು ಬೇಕಾಗಿರುವುದು. ಅರ್ಜಿಯ ಜೊತೆ ಪಹಣಿ ಮಾತ್ರ ಕೇಳಬಾರದು. ಕೋಳಿಗೆ ಪಹಣಿ ಇರುವುದಿಲ್ಲ, ಹೊಲದ ಪಹಣಿಯಲ್ಲಿ ಅವ್ವನ ಹೆಸರಿಲ್ಲ.