ಆರ್‌ಸಿ ವಿಮಾನ ಬಿದ್ದದ್ದು ಸಿಗ್ನಲ್ ಹೋಗಿಯೇ? ಸ್ಟಿಕ್‌ನಿಂದ ರೆಕ್ಕೆಯವರೆಗೆ ನಡೆಯುವ ಲೆಕ್ಕ ತಿಳಿಯೋಣ

ಊರಾಚೆಯ ಬಯಲಿನಲ್ಲಿ ಹುಡುಗನೊಬ್ಬ ಥರ್ಮೊಕೋಲ್ ವಿಮಾನವನ್ನು ಕೈಯಿಂದ ಎಸೆಯುತ್ತಾನೆ. ಎರಡು ಸೆಕೆಂಡು ಮೇಲೇರಿದ ವಿಮಾನ ತಟ್ಟನೆ ಮಗುಚಿ ನೆಲಕ್ಕೆ ಅಪ್ಪಳಿಸುತ್ತದೆ. ಇಂಥ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಕೆಳಗೆ ಸಾಮಾನ್ಯವಾಗಿ ಎರಡು ಬಗೆಯ ಸಲಹೆ ಕಾಣುತ್ತವೆ. ಒಂದು: “ಮೊಬೈಲ್ ಟವರ್‌ನಿಂದ ಸಿಗ್ನಲ್ ಕಟ್ ಆಗಿದೆ, ಜಾಸ್ತಿ ಚಾನೆಲ್ ಇರೋ ರಿಮೋಟ್ ತಗೊಳ್ಳಿ.” ಇನ್ನೊಂದು: “ನನ್ನ ಸೆಟ್ಟಿಂಗ್ ಕಳಿಸ್ತೀನಿ, ಹಾಗೇ ಕಾಪಿ ಮಾಡ್ಕೊಳ್ಳಿ.”

ಈ ಎರಡೂ ಸಲಹೆಗಳು ಎಷ್ಟು ಸರಿ? ಚುಟುಕಾಗಿ ಹೇಳುವುದಾದರೆ, ಚಾನೆಲ್ ಸಂಖ್ಯೆಗೂ ಸಿಗ್ನಲ್ ತಲುಪುವ ದೂರಕ್ಕೂ ಸಂಬಂಧವಿಲ್ಲ. ಕೈಬಿಟ್ಟ ಕೂಡಲೇ ಮಗುಚುವ ವಿಮಾನದಲ್ಲಿ ಮೊದಲು ಅನುಮಾನಿಸಬೇಕಾದ್ದು ಟವರನ್ನಲ್ಲ, ಟ್ರಾನ್ಸ್‌ಮಿಟರ್‌ನೊಳಗಿನ ಸೆಟ್ಟಿಂಗನ್ನು ಮತ್ತು ವಿಮಾನದ ತೂಕದ ಸಮತೋಲವನ್ನು. ಇನ್ನು ಬೇರೆಯವರ ಸೆಟ್ಟಿಂಗನ್ನು ಹಾಗೇ ನಕಲು ಮಾಡುವುದು ಅಪಾಯಕಾರಿ. ಏಕೆ ಎಂದು ಒಂದೊಂದಾಗಿ ನೋಡೋಣ.

ಇದು ಆಟದ ಸಾಮಾನು ತಾನೇ ಎನ್ನಬೇಡಿ. 1.2 ಕಿಲೊ ತೂಕದ ಮಾದರಿ ವಿಮಾನ ಗಂಟೆಗೆ 54 ಕಿ.ಮೀ. ವೇಗದಲ್ಲಿ ಬಂದು ಬಡಿದರೆ, ಅದೇ ತೂಕದ ವಸ್ತು ಸುಮಾರು 11 ಮೀಟರ್ ಎತ್ತರದಿಂದ, ಅಂದರೆ ಮೂರು ಮಹಡಿ ಮೇಲಿಂದ, ತಲೆಯ ಮೇಲೆ ಬಿದ್ದಂತೆ. 1000 ಕೆವಿ ಎಂದು ಬರೆದಿರುವ ಮೋಟಾರ್‌ಗೆ 11.1 ವೋಲ್ಟ್ ಬ್ಯಾಟರಿ ಜೋಡಿಸಿದರೆ, ಹೊರೆ ಇಲ್ಲದಾಗ ಅದು ನಿಮಿಷಕ್ಕೆ 11,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಪ್ರೊಪೆಲ್ಲರ್ ಹಾಕಿದಾಗ ವೇಗ ಕಡಿಮೆಯಾಗುತ್ತದೆ, ಆದರೂ ಬೆರಳು ಕತ್ತರಿಸಲು ಅಷ್ಟು ಸಾಕು.

ಚಾನೆಲ್ ಎಂದರೆ ಏನು?

ಟಿವಿ ಚಾನೆಲ್‌ಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಒಂದು ಚಾನೆಲ್ ಎಂದರೆ ವಿಮಾನದ ಒಂದು ಭಾಗಕ್ಕೆ ಹೋಗುವ ಒಂದು ಆಜ್ಞೆ. ಮೋಟಾರ್‌ಗೆ ಥ್ರಾಟಲ್, ಮೂತಿಯನ್ನು ಏರಿಸಿ ಇಳಿಸಲು ಎಲಿವೇಟರ್, ಪಕ್ಕಕ್ಕೆ ವಾಲಿಸಲು ಐಲೆರಾನ್, ಮೂತಿಯನ್ನು ಎಡಬಲಕ್ಕೆ ತಿರುಗಿಸಲು ರಡ್ಡರ್ ಎಂದು ಸಾಮಾನ್ಯ ವಿಮಾನಕ್ಕೆ ಬೇಕಾದದ್ದು ನಾಲ್ಕು ಚಾನೆಲ್. ಲ್ಯಾಂಡಿಂಗ್ ಗೇರ್, ಫ್ಲಾಪ್, ದೀಪ ಇದ್ದರೆ ಇನ್ನಷ್ಟು ಬೇಕಾಗುತ್ತವೆ.

ವಿಮಾನದಲ್ಲಿರುವ ರಿಸೀವರ್ ಈ ಆಜ್ಞೆಯನ್ನು ಸರ್ವೋ ಎಂಬ ಪುಟ್ಟ ಮೋಟಾರ್‌ಗೆ ವಿದ್ಯುತ್ ಮಿಡಿತಗಳ ರೂಪದಲ್ಲಿ ಕಳಿಸುತ್ತದೆ. ಮಿಡಿತ 1500 ಮೈಕ್ರೊಸೆಕೆಂಡ್ ಉದ್ದವಿದ್ದರೆ ಸರ್ವೋ ನಡುವಿನಲ್ಲಿ ನಿಲ್ಲುತ್ತದೆ. 1000ಕ್ಕೆ ಒಂದು ತುದಿ, 2000ಕ್ಕೆ ಇನ್ನೊಂದು ತುದಿ. ಸಾಮಾನ್ಯ ಸರ್ವೋಗಳಿಗೆ ಇಂಥ ಮಿಡಿತ ಸೆಕೆಂಡಿಗೆ ಸುಮಾರು 50 ಸಲ ಹೋಗುತ್ತದೆ. ಸರ್ವೋಗೆ ತಾನು ರೆಕ್ಕೆಯಲ್ಲಿದ್ದೇನೋ ಬಾಲದಲ್ಲಿದ್ದೇನೋ ಗೊತ್ತಿಲ್ಲ. ಬಂದ ಅಂಕಿಗೆ ತಕ್ಕಂತೆ ತಿರುಗುವುದಷ್ಟೇ ಅದರ ಕೆಲಸ.

ಹಾಗಾದರೆ ಟವರ್ ಕಾರಣವೇ ಅಲ್ಲವೇ?

ಈ ನಂಬಿಕೆಗೆ ಒಂದು ಹಳೆಯ ಕಾರಣವಿದೆ. ಹಿಂದೆ 27, 35, 72 ಮೆಗಾಹರ್ಟ್ಸ್ ಆವರ್ತನದ ರೇಡಿಯೊಗಳು ಬಳಕೆಯಲ್ಲಿದ್ದಾಗ, ಮೈದಾನದಲ್ಲಿ ಇಬ್ಬರು ಒಂದೇ ಆವರ್ತನದಲ್ಲಿ ಟ್ರಾನ್ಸ್‌ಮಿಟರ್ ಹಾಕಿದರೆ ವಿಮಾನ ಬೀಳುವುದು ಬಹುತೇಕ ಖಚಿತವಾಗಿತ್ತು. ಇಂದಿನ ಬಹುಪಾಲು ಸೆಟ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅವು ಒಂದೇ ಆವರ್ತನಕ್ಕೆ ಅಂಟಿಕೊಳ್ಳದೆ ಜಿಗಿಯುತ್ತಲೇ ಇರುತ್ತವೆ ಅಥವಾ ಸಂಕೇತವನ್ನು ಹರಡಿ ಕಳಿಸುತ್ತವೆ. ಜತೆಗೆ ‘ಬೈಂಡ್’ ಮಾಡಿದ ರಿಸೀವರ್ ತನ್ನ ಟ್ರಾನ್ಸ್‌ಮಿಟರ್‌ನ ಮಾತನ್ನಷ್ಟೇ ಕೇಳುತ್ತದೆ.

ಸಿಗ್ನಲ್ ತೊಂದರೆ ಆಗುವುದೇ ಇಲ್ಲ ಎಂದಲ್ಲ. ವೈಫೈ, ಬ್ಲೂಟೂತ್ ಕೂಡ ಇದೇ 2.4 ಗಿಗಾಹರ್ಟ್ಸ್‌ನಲ್ಲಿವೆ. ಆಂಟೆನಾ ಮುರಿದಿದ್ದರೆ ಅಥವಾ ಬ್ಯಾಟರಿಯ ಹಿಂದೆ ಮರೆಯಾಗಿದ್ದರೆ, ದೂರದಲ್ಲಿ ಸಂಪರ್ಕ ತಪ್ಪಬಹುದು. ಆದರೆ ಎಸೆದವರಿಂದ ಹತ್ತು ಹೆಜ್ಜೆ ದೂರದಲ್ಲೇ ಮಗುಚಿದ ವಿಮಾನಕ್ಕೆ ಅದು ಮೊದಲ ಉತ್ತರವಾಗಲಾರದು. ದೂರವನ್ನು ನಿರ್ಧರಿಸುವುದು ರೇಡಿಯೊದ ಶಕ್ತಿ, ಆಂಟೆನಾ ಮತ್ತು ರಿಸೀವರ್‌ನ ಗ್ರಹಣಶಕ್ತಿ. ಆರು ಚಾನೆಲ್ ಬಿಟ್ಟು ಹತ್ತು ಚಾನೆಲ್ ಕೊಂಡರೆ ಒತ್ತಲು ಹೆಚ್ಚು ಸ್ವಿಚ್ ಸಿಗುತ್ತವೆ, ದೂರವಲ್ಲ.

ಮಿಕ್ಸಿಂಗ್ ಏಕೆ ಬೇಕು? ತೇಜಸ್ ನೆನಪಿಸಿಕೊಳ್ಳಿ

ಯಲಹಂಕದ ಏರೋ ಇಂಡಿಯಾದಲ್ಲಿ ಅಥವಾ ಟಿವಿಯಲ್ಲಿ ತೇಜಸ್ ಯುದ್ಧವಿಮಾನವನ್ನು ನೋಡಿದ್ದೀರಾ? 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಈ ವಿಮಾನಕ್ಕೆ, ಪ್ರಯಾಣಿಕ ವಿಮಾನಗಳಿಗೆ ಇರುವಂತೆ ಹಿಂದೆ ಅಡ್ಡಬಾಲವಿಲ್ಲ. ಹಾಗಾದರೆ ಎಲಿವೇಟರ್ ಎಲ್ಲಿ? ರೆಕ್ಕೆಯ ಹಿಂಬದಿಯ ಚಲಿಸುವ ಫಲಕಗಳೇ ಎಲಿವೇಟರ್ ಮತ್ತು ಐಲೆರಾನ್ ಎರಡರ ಕೆಲಸವನ್ನೂ ಮಾಡುತ್ತವೆ. ಇವಕ್ಕೆ ‘ಎಲಿವಾನ್’ ಎಂದು ಹೆಸರು. ಪೈಲಟ್ ಕೇಳಿದ್ದನ್ನು ಲೆಕ್ಕ ಹಾಕಿ ಯಾವ ಫಲಕ ಎಷ್ಟು ಚಲಿಸಬೇಕೆಂದು ಅಲ್ಲಿ ಕಂಪ್ಯೂಟರ್ ಹೇಳುತ್ತದೆ.

ನಮ್ಮ ಹುಡುಗರು ಮನೆಯಲ್ಲಿ ಫೋಮ್ ಶೀಟ್ ಕತ್ತರಿಸಿ ಮಾಡುವ ತ್ರಿಕೋನಾಕಾರದ ‘ಫ್ಲೈಯಿಂಗ್ ವಿಂಗ್’ಗಳಲ್ಲೂ ಇದೇ ವ್ಯವಸ್ಥೆ. ಅಲ್ಲಿ ಲೆಕ್ಕ ಹಾಕುವುದು ಟ್ರಾನ್ಸ್‌ಮಿಟರ್. ಎರಡು ಸ್ಟಿಕ್ ಚಲನೆಗಳನ್ನು ಕೂಡಿಸಿ, ಕಳೆದು, ಎರಡು ಸರ್ವೋಗಳಿಗೆ ಹಂಚುವ ಈ ಲೆಕ್ಕವೇ ಮಿಕ್ಸಿಂಗ್.

ಫಲಕ ಮೇಲೇಳುವುದನ್ನು ‘ಕೂಡು’, ಕೆಳಗಿಳಿಯುವುದನ್ನು ‘ಕಳೆ’ ಎಂದುಕೊಳ್ಳಿ. ಸ್ಟಿಕ್ಕನ್ನು ಹಿಂದಕ್ಕೆ 60 ಪಾಲು ಎಳೆದರೆ ಎರಡೂ ಫಲಕ 60 ಮೇಲೇಳಬೇಕು. ಅದೇ ಹೊತ್ತಿಗೆ ಬಲಕ್ಕೆ 30 ಪಾಲು ಒತ್ತಿದರೆ ಬಲ ಫಲಕಕ್ಕೆ 30 ಕೂಡುತ್ತದೆ, ಎಡದಿಂದ 30 ಕಳೆಯುತ್ತದೆ. ಬಲ 90, ಎಡ 30. ಮೂತಿಯೂ ಏಳುತ್ತದೆ, ವಿಮಾನ ಬಲಕ್ಕೂ ವಾಲುತ್ತದೆ.

ಈಗ ಎರಡನ್ನೂ ಪೂರ್ತಿ, 100 ಪಾಲು, ಒತ್ತಿ ನೋಡಿ. ಬಲ ಫಲಕಕ್ಕೆ 200 ಬೇಕು, ಆದರೆ ಸರ್ವೋ ಮಿತಿ 100. ಎಡ ಫಲಕ ಸೊನ್ನೆ. ಬರೀ ಬಲಕ್ಕೆ ಒತ್ತಿದ್ದರೆ ಎರಡು ಫಲಕಗಳ ನಡುವೆ 200 ಅಂತರವಿರುತ್ತಿತ್ತು, ಈಗ 100 ಮಾತ್ರ. ಅಂದರೆ ವಾಲಿಸುವ ಶಕ್ತಿ ಅರ್ಧವಾಯಿತು. ಗಾಬರಿಯಲ್ಲಿ ಸ್ಟಿಕ್ಕನ್ನು ಪೂರ್ತಿ ಎಳೆದು ಹಿಡಿದವರಿಗೆ “ರಿಮೋಟ್ ಮಾತೇ ಕೇಳಲಿಲ್ಲ” ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಎರಡೂ ಪಾಲನ್ನು ಶೇ. 50ಕ್ಕೆ ಇಳಿಸಿದರೆ ಮೊತ್ತ ಎಂದೂ 100 ದಾಟುವುದಿಲ್ಲ. ಚಲನೆ ಕಡಿಮೆ ಎನಿಸಿದರೆ ಸರ್ವೋ ಕಡ್ಡಿಯನ್ನು ಬೇರೆ ರಂಧ್ರಕ್ಕೆ ಜೋಡಿಸಿ ಸರಿಪಡಿಸಬಹುದು.

ಇನ್‌ಪುಟ್, ಮಿಕ್ಸ್, ಔಟ್‌ಪುಟ್: ಮೂರು ಪುಟ, ಮೂರು ಕೆಲಸ

ಓಪನ್‌ಟಿಎಕ್ಸ್ ಮತ್ತು ಅದರಿಂದ ಕವಲೊಡೆದ ಎಡ್ಜ್‌ಟಿಎಕ್ಸ್ ಎಂಬ ಮುಕ್ತ ತಂತ್ರಾಂಶ ಇರುವ ಟ್ರಾನ್ಸ್‌ಮಿಟರ್‌ಗಳಲ್ಲಿ ಈ ಲೆಕ್ಕ ಮೂರು ಹಂತಗಳಲ್ಲಿ ನಡೆಯುತ್ತದೆ. ಬೇರೆ ಸೆಟ್‌ಗಳಲ್ಲಿ ಮೆನು ಹೆಸರು ಬೇರೆ ಇದ್ದರೂ ತರ್ಕ ಇದೇ.

ಇನ್‌ಪುಟ್ ಪುಟ ನಿಮ್ಮ ಬೆರಳಿಗೆ ಸಂಬಂಧಿಸಿದ್ದು. ಸ್ಟಿಕ್ ಎಷ್ಟು ಚುರುಕಾಗಿರಬೇಕು ಎಂದು ಇಲ್ಲಿ ಹೇಳುತ್ತೀರಿ. ಉದಾಹರಣೆಗೆ, ಶೇ. 50 ‘ಎಕ್ಸ್‌ಪೋ’ ಹಾಕಿದರೆ ಅರ್ಧ ಸ್ಟಿಕ್‌ಗೆ ಫಲಕ ಅರ್ಧದಷ್ಟಲ್ಲ, ಸುಮಾರು ಶೇ. 31ರಷ್ಟೇ ಚಲಿಸುತ್ತದೆ. ಪೂರ್ತಿ ಒತ್ತಿದಾಗ ಮಾತ್ರ ಪೂರ್ತಿ. ನಡುಗುವ ಕೈಯ ಹೊಸಬರಿಗೆ ಇದು ವರ. ಮಿಕ್ಸ್ ಪುಟ ವಿಮಾನದ ಆಕಾರಕ್ಕೆ ಸಂಬಂಧಿಸಿದ್ದು: ಯಾವ ಸ್ಟಿಕ್ ಯಾವ ಚಾನೆಲ್‌ಗೆ ಎಷ್ಟು ಪಾಲು ಎಂಬುದು ಅಲ್ಲಿರುತ್ತದೆ. ಔಟ್‌ಪುಟ್ ಪುಟ ಸರ್ವೋ ಕೂರಿಸಿದ ರೀತಿಗೆ ಸಂಬಂಧಿಸಿದ್ದು: ದಿಕ್ಕು, ನಡುಬಿಂದು ಮತ್ತು ಚಲನೆಯ ಮಿತಿ.

ಈ ವಿಂಗಡಣೆ ಮರೆತರೆ ಗೊಂದಲ ಶುರು. ಎಡ ಮತ್ತು ಬಲ ರೆಕ್ಕೆಯ ಸರ್ವೋಗಳನ್ನು ಕನ್ನಡಿ ಬಿಂಬದಂತೆ ಕೂರಿಸಿರುತ್ತಾರೆ. ಒಂದೇ ಆಜ್ಞೆಗೆ ಒಂದು ಫಲಕ ಎದ್ದರೆ ಇನ್ನೊಂದು ಇಳಿಯಬಹುದು. ಆಗ ಆ ಒಂದು ಚಾನೆಲ್‌ನ ದಿಕ್ಕನ್ನು ಔಟ್‌ಪುಟ್‌ನಲ್ಲಿ ತಿರುಗಿಸಬೇಕು. ಅದನ್ನು ಬಿಟ್ಟು ಇನ್‌ಪುಟ್‌ನಲ್ಲಿ ತಿರುಗಿಸಿದರೆ ಎರಡೂ ಫಲಕ ತಿರುಗುತ್ತವೆ, ತಪ್ಪು ಜಾಗ ಬದಲಿಸುತ್ತದೆ ಅಷ್ಟೇ. ಮೊದಲು ಸ್ಟಿಕ್ ಹಿಂದಕ್ಕೆ ಎಳೆದು, ಕೆಳಗಿಳಿಯುವ ಫಲಕವನ್ನು ಔಟ್‌ಪುಟ್‌ನಲ್ಲಿ ಸರಿಮಾಡಿ. ನಂತರ ಬಲಕ್ಕೆ ಒತ್ತಿ. ಬಲ ಫಲಕ ಏಳದೆ ಎಡದ್ದು ಎದ್ದರೆ, ಮಿಕ್ಸ್‌ನಲ್ಲಿ ಐಲೆರಾನ್ ಪಾಲುಗಳ ಚಿಹ್ನೆ ಬದಲಿಸಿ. ಈ ಕ್ರಮ ತಪ್ಪಿಸಬೇಡಿ.

ಬೇರೆಯವರ ಸೆಟ್ಟಿಂಗ್ ಏಕೆ ನಂಬಬಾರದು?

ಗೆಳೆಯರು ಕಳಿಸಿದ ಸ್ಕ್ರೀನ್‌ಶಾಟ್ ಅವರ ವಿಮಾನಕ್ಕೆ ನೂರಕ್ಕೆ ನೂರು ಸರಿ ಇರಬಹುದು. ನಿಮ್ಮದಕ್ಕೆ ಅದು ಹೊಂದದಿರಲು ಕನಿಷ್ಠ ಮೂರು ಕಾರಣಗಳಿವೆ.

ಮೊದಲನೆಯದು ಚಾನೆಲ್ ಕ್ರಮ. ಫುಟಾಬಾ ಪದ್ಧತಿಯಲ್ಲಿ ಮೊದಲ ಚಾನೆಲ್ ಐಲೆರಾನ್, ಮೂರನೆಯದು ಥ್ರಾಟಲ್. ಸ್ಪೆಕ್ಟ್ರಮ್ ಪದ್ಧತಿಯಲ್ಲಿ ಮೊದಲನೆಯದೇ ಥ್ರಾಟಲ್. ಅದಲುಬದಲಾದರೆ ಮೋಟಾರ್ ತಂತಿಗೆ ಐಲೆರಾನ್ ಆಜ್ಞೆ ಹೋಗುತ್ತದೆ. ಐಲೆರಾನ್ ಸ್ಟಿಕ್ ಸುಮ್ಮನೆ ನಡುವಿನಲ್ಲಿದ್ದರೂ ಮೋಟಾರ್ ಪಾಲಿಗೆ ಅದು ಅರ್ಧ ಥ್ರಾಟಲ್! ಅನೇಕ ಇಎಸ್‌ಸಿಗಳು ಥ್ರಾಟಲ್ ಸೊನ್ನೆಯಲ್ಲಿಲ್ಲದಿದ್ದರೆ ಮೋಟಾರ್ ಚಾಲೂ ಮಾಡುವುದಿಲ್ಲ ನಿಜ, ಆದರೆ ಅದನ್ನೇ ನಂಬಿ ಕೈ ಮುಂದೆ ಇಡುವಂತಿಲ್ಲ.

ಎರಡನೆಯದು ಚಿಹ್ನೆ. ಸ್ಟಿಕ್ ಮೃದುವಾಗಲು ಫುಟಾಬಾದಲ್ಲಿ ಎಕ್ಸ್‌ಪೋ ಮೈನಸ್ ಹಾಕಬೇಕು, ಸ್ಪೆಕ್ಟ್ರಮ್ ಮತ್ತು ಎಡ್ಜ್‌ಟಿಎಕ್ಸ್‌ನಲ್ಲಿ ಪ್ಲಸ್. ಅಂಕಿಯನ್ನಷ್ಟೇ ನಕಲು ಮಾಡಿದರೆ ಮೃದುವಾಗಬೇಕಾದ ವಿಮಾನ ಮುಟ್ಟಿದರೆ ಹಾರಿಬೀಳುವಂತಾಗುತ್ತದೆ.

ಮೂರನೆಯದು ಸ್ಟಿಕ್ ಮೋಡ್. ಮೋಡ್ 2ರಲ್ಲಿ ಥ್ರಾಟಲ್ ಎಡಗೈಯಲ್ಲಿ, ಮೋಡ್ 1ರಲ್ಲಿ ಬಲಗೈಯಲ್ಲಿ. ಗೆಳೆಯರ ಸೆಟ್ ಕೈಗೆ ತೆಗೆದುಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು.

ವಿಮಾನದೊಳಗೆ ಗೈರೊ ಅಥವಾ ಫ್ಲೈಟ್ ಕಂಟ್ರೋಲರ್ ಇದ್ದರೆ ಇನ್ನೊಂದು ಎಚ್ಚರಿಕೆ. ಸಾಮಾನ್ಯವಾಗಿ ಎಲಿವಾನ್ ಮಿಕ್ಸಿಂಗನ್ನು ಅದೇ ಮಾಡುತ್ತದೆ. ಟ್ರಾನ್ಸ್‌ಮಿಟರ್‌ನಲ್ಲೂ ಮಿಕ್ಸ್ ಹಾಕಿದರೆ ಒಂದೇ ಲೆಕ್ಕ ಎರಡು ಸಲ ನಡೆದು ಸ್ಟಿಕ್‌ಗಳು ಕಲಸುಮೇಲೋಗರವಾಗುತ್ತವೆ. ಡ್ರೋನ್‌ಗಳಲ್ಲೂ ಅಷ್ಟೆ: ನಾಲ್ಕು ಮೋಟಾರ್‌ಗಳ ಮಿಕ್ಸಿಂಗ್ ಡ್ರೋನ್‌ನೊಳಗೇ ನಡೆಯುತ್ತದೆ.

ದೊಡ್ಡ ವಿಮಾನಕ್ಕೂ ಆಗಿದೆ

ಇದು ಹವ್ಯಾಸಿಗಳ ತಪ್ಪು ಮಾತ್ರ ಎಂದುಕೊಂಡಿರಾ? 2018ರ ನವೆಂಬರ್ 11ರಂದು ಪೋರ್ಚುಗಲ್‌ನ ಲಿಸ್ಬನ್ ಬಳಿ ದುರಸ್ತಿ ಮುಗಿಸಿ ಹೊರಟ ಏರ್ ಅಸ್ತಾನಾ ಸಂಸ್ಥೆಯ ಎಂಬ್ರೇಯರ್ 190 ವಿಮಾನ ಮೇಲೇರಿದ ಕೂಡಲೇ ಹಿಡಿತ ತಪ್ಪಿತು. ಐಲೆರಾನ್ ಕೇಬಲ್‌ಗಳನ್ನು ತಪ್ಪಾಗಿ ಜೋಡಿಸಿದ್ದರಿಂದ ಐಲೆರಾನ್‌ಗಳು ಉಲ್ಟಾ ಚಲಿಸುತ್ತಿದ್ದವು. ಹಾರುವ ಮುನ್ನ ಆ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಹಳ ಹೊತ್ತು ಹೋರಾಡಿದ ಪೈಲಟ್‌ಗಳು ಕೊನೆಗೆ ಬೇಜಾದಲ್ಲಿ ಇಳಿಸಿದರು. ಒಳಗಿದ್ದ ಆರೂ ಮಂದಿ ಬದುಕುಳಿದರು. ಅಲ್ಲಿ ಸಿಗ್ನಲ್ ಇರಲಿಲ್ಲ, ಟವರ್ ಇರಲಿಲ್ಲ. ಬಲ ಎಂದದ್ದು ಎಡವಾಗಿತ್ತು, ಅಷ್ಟೇ.

ಹಾರಿಸುವ ಮುನ್ನ ಐದು ನಿಮಿಷದ ಪರೀಕ್ಷೆ

1. ಪ್ರೊಪೆಲ್ಲರ್ ಬಿಚ್ಚಿಡಿ. ಸೆಟ್ಟಿಂಗ್ ಬದಲಿಸುವಾಗಲೆಲ್ಲ ಇದು ಕಡ್ಡಾಯ.

2. ಪರದೆಯಲ್ಲಿ ಸರಿಯಾದ ಮಾಡೆಲ್ ಹೆಸರಿದೆಯೇ ನೋಡಿ. ಹಿಂದಿನ ವಾರ ಹಾರಿಸಿದ ವಿಮಾನದ ನೆನಪು ಅದರಲ್ಲಿ ಉಳಿದಿರಬಹುದು.

3. ವಿಮಾನದ ಹಿಂದೆ ನಿಂತು ನೋಡಿ. ಸ್ಟಿಕ್ ಬಲಕ್ಕೆ ಒತ್ತಿದರೆ ಬಲ ಐಲೆರಾನ್ ಮೇಲೆ, ಎಡದ್ದು ಕೆಳಗೆ. ಹಿಂದಕ್ಕೆ ಎಳೆದರೆ ಎಲಿವೇಟರ್ ಮೇಲೆ. ರಡ್ಡರ್ ಬಲಕ್ಕೆಂದರೆ ಬಲಕ್ಕೆ. ‘ಏನೋ ಅಲ್ಲಾಡಿತು’ ಎಂದರೆ ಸಾಲದು, ಯಾವ ಕಡೆಗೆ ಎಂದು ಬಾಯಿಬಿಟ್ಟು ಹೇಳಿ.

4. ಗೈರೊ ಇದ್ದರೆ ವಿಮಾನವನ್ನು ಕೈಯಲ್ಲಿ ಬಲಕ್ಕೆ ವಾಲಿಸಿ. ಬಲ ಐಲೆರಾನ್ ಕೆಳಗಿಳಿದು, ಎಡದ್ದು ಮೇಲೇಳಬೇಕು. ಉಲ್ಟಾ ಆದರೆ, ವಾಲಿದ ವಿಮಾನವನ್ನು ಗೈರೊ ಇನ್ನಷ್ಟು ವಾಲಿಸಿ ಕೆಡವುತ್ತದೆ.

5. ಫೇಲ್‌ಸೇಫ್ ಪರೀಕ್ಷಿಸಿ. ಮೋಟಾರ್ ನಿಧಾನಕ್ಕೆ ತಿರುಗುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರ್ ನಿಲ್ಲಬೇಕು. ಕೆಲವು ರಿಸೀವರ್‌ಗಳು ಸಂಪರ್ಕ ತಪ್ಪಿದಾಗ ಕೊನೆಯ ಆಜ್ಞೆಯನ್ನೇ ಹಿಡಿದು ಕೂರುತ್ತವೆ. ಅಂಥ ವಿಮಾನ ಮೋಟಾರ್ ಓಡಿಸುತ್ತಲೇ ಜನರತ್ತ ಹೋಗಬಹುದು.

6. ಟ್ರಾನ್ಸ್‌ಮಿಟರ್‌ನಲ್ಲಿ ‘ರೇಂಜ್ ಚೆಕ್’ ಇದ್ದರೆ ಅದನ್ನು ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟು ದೂರ ನಡೆದು, ಫಲಕಗಳು ಮಾತು ಕೇಳುತ್ತಿವೆಯೇ ನೋಡಿ. ಟವರ್ ಹತ್ತಿರವಿದೆ ಎಂಬ ಅನುಮಾನಕ್ಕೂ ಉತ್ತರ ಇಲ್ಲೇ ಸಿಗುತ್ತದೆ.

ಕೊನೆಯ ಮಾತು

ಟ್ರಾನ್ಸ್‌ಮಿಟರ್ ಹೇಳಿದ್ದನ್ನು ಮಾಡುತ್ತದೆ, ಮನಸ್ಸಿನಲ್ಲಿದ್ದದ್ದನ್ನಲ್ಲ. ‘ಹೆಚ್ಚು ಚಾನೆಲ್ ಇದ್ದರೆ ಹೆಚ್ಚು ದೂರ’ ಎಂಬುದು ತಪ್ಪು. ‘ಟವರ್‌ನಿಂದಲೇ ಬಿತ್ತು’ ಎಂಬುದು ಪರೀಕ್ಷಿಸದೆ ಹೇಳುವ ಮಾತು. ‘ನನ್ನ ಸೆಟ್ಟಿಂಗ್ ಹಾಕ್ಕೊಳ್ಳಿ’ ಎಂಬುದು ಒಳ್ಳೆಯ ಮನಸ್ಸಿನಿಂದ ಬಂದರೂ ಅಪಾಯದ ಸಲಹೆ. ಮುಂದಿನ ಸಲ ಗುಂಪಿನಲ್ಲಿ ಯಾರಾದರೂ ಸೆಟ್ಟಿಂಗ್ ಕೇಳಿದರೆ ಅಂಕಿಗಳ ಬದಲು ಮೇಲಿನ ಆರು ಹೆಜ್ಜೆಗಳನ್ನು ಕಳಿಸಿ. ಅಂಕಿಗಳು ಒಂದೊಂದು ವಿಮಾನಕ್ಕೆ ಒಂದೊಂದು, ಈ ಪರೀಕ್ಷೆ ಎಲ್ಲಕ್ಕೂ ಒಂದೇ.